ಕೆಳದಿ ಕಾಲದ ಪೋರ್ಚುಗೀಸ್ ಕಾಗದಗಳನ್ನು ಕನ್ನಡಕ್ಕೆ ತಂದ ಬಗೆ

ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರು ಕೋಟೆಗಳ ಬಗ್ಗೆ 17ನೆಯ ಶತಮಾನದ ಪೋರ್ಚುಗೀಸರು ಬರೆದ ಕಾಗದಗಳ ಒಂದು ಕಂತೆಯ ಅನುವಾದ ಈಗಷ್ಟೇ ಮುಗಿದು ಅಚ್ಚಿಗೆ ಹೋಗಿದೆ. ಇಂಥ ಕೆಲಸಕ್ಕೆ ಕೈಹಾಕುವವರು ಪೋರ್ಚುಗೀಸ್ ಕಲಿತರೆ ಸಾಕು ಎಂದುಕೊಂಡಿರುತ್ತಾರೆ. ಭಾಷೆಯ ಕಷ್ಟ ಇದರಲ್ಲಿ ಕಾಲುಪಾಲು ಮಾತ್ರ. ಕಡತ ಎಲ್ಲಿದೆ ಎಂದು ಪತ್ತೆಹಚ್ಚುವುದು, ಕೈಬರಹ ಬಿಡಿಸುವುದು, ತಾರೀಖು, ಹೆಸರು, ಅಳತೆಗಳನ್ನು ಗುರುತಿಸುವುದು: ಕಾಲ ನುಂಗುವುದು ಇವು. ಅದಕ್ಕೇ ಕೆಲಸ ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೂಲಕ್ಕೇ ಯಾಕೆ ಹೋಗಬೇಕು ಎಂಬುದಕ್ಕೆ ವಿಜಯನಗರದ ಉದಾಹರಣೆ ಸಾಕು. 16ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಬರೆದ ವೃತ್ತಾಂತಗಳ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು, ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಕನ್ನಡದಲ್ಲಿ ನಾವು ಉದ್ಧರಿಸುವುದು ಬಹುಪಾಲು ಸೀವೆಲ್ಲರ ಇಂಗ್ಲಿಷಿನಿಂದಲೇ. ಅವರ ಊಹೆ, ಅವರ ಪದದ ಆಯ್ಕೆ, ಅವರ ಕಾಲದ ಧೋರಣೆ ಎಲ್ಲವೂ ಮೂಲದ ಮಾತಿನ ಹಾಗೆಯೇ ನಮ್ಮ ಪಠ್ಯಕ್ಕೆ ಬಂದು ಕೂತಿವೆ. ಕೆಳದಿ ಅರಸರ ಕಾಲದ ಕರಾವಳಿಯ ವಿಷಯದಲ್ಲಿ ಬಹುಪಾಲು ಕಾಗದಗಳಿಗೆ ಆ ಇಂಗ್ಲಿಷೂ ಇಲ್ಲ.

ಶುರುವಿನಲ್ಲಿ ಪತ್ರಾಗಾರಕ್ಕೆ ಹೋಗಬೇಡಿ. ಮೊದಲು ಅಚ್ಚಾಗಿರುವುದನ್ನು ನೋಡಿ. ಕುನ್ಯಾ ರಿವಾರಾ 1857ರಿಂದ ಗೋವೆಯಲ್ಲಿ ಅಚ್ಚು ಹಾಕಿಸಿದ ದಾಖಲೆ ಮಾಲೆ, ಜೂಲಿಯೊ ಬೀಕರ್ 1881ರಿಂದ ತಂದ ಒಪ್ಪಂದಗಳ 14 ಸಂಪುಟ, ಪಾಂಡುರಂಗ ಪಿಸುರ್ಲೇಕರ್ 1953ರಿಂದ 1957ರವರೆಗೆ ಸಂಪಾದಿಸಿದ ಗೋವೆಯ ರಾಜ್ಯ ಮಂಡಳಿಯ ನಡಾವಳಿಗಳ 5 ಸಂಪುಟ: ಈ ಮೂರನ್ನೂ ಊರಿನ ಹೆಸರು ಹಿಡಿದು ಸೋಸಿದರೆ ಕೈಬರಹ ಓದುವ ಶ್ರಮ ಎಷ್ಟೋ ಉಳಿಯುತ್ತದೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ 19ನೆಯ ಶತಮಾನದ ಸಂಪಾದಕರು ಕಾಗುಣಿತವನ್ನು ಮೌನವಾಗಿ ತಿದ್ದಿದ್ದಾರೆ, ಓದಲಾಗದ್ದನ್ನು ಕೆಲವೆಡೆ ಊಹಿಸಿದ್ದಾರೆ. ಮುಖ್ಯವಾದ ಕಾಗದವಾದರೆ ಅಚ್ಚನ್ನು ಪಕ್ಕದಲ್ಲಿಟ್ಟುಕೊಂಡು ಮೂಲದ ಚಿತ್ರವನ್ನೇ ಓದಬೇಕು.

ಮೂಲ ಇರುವುದು ಮುಖ್ಯವಾಗಿ ಎರಡು ಊರುಗಳಲ್ಲಿ. ಲಿಸ್ಬನ್ನಿನ ತೊರ್ರೆ ದೊ ತೊಂಬೊ ರಾಷ್ಟ್ರೀಯ ಪತ್ರಾಗಾರ ಒಂದು, ಪಣಜಿಯಲ್ಲಿರುವ ಗೋವೆಯ ಪತ್ರಾಗಾರ ಇನ್ನೊಂದು. ಗೋವೆಯ ಪತ್ರಾಗಾರ 1595ರಷ್ಟು ಹಳೆಯದು, ಅದರ ಮೊದಲ ಪಾಲಕ ಇತಿಹಾಸಕಾರ ದಿಯೊಗೊ ದೊ ಕೌತೊ. ರಾಜ ಮತ್ತು ವೈಸರಾಯ್ ನಡುವಿನ ಪತ್ರಗಳನ್ನು ಹಡಗು ಓಡಾಡುವ ಮಾನ್ಸೂನ್ ಋತುವಿನ ಪ್ರಕಾರ ಕಟ್ಟಿಡುತ್ತಿದ್ದರು. ಅದಕ್ಕೇ ಆ ಸಂಪುಟಗಳಿಗೆ ಮಾನ್ಸೂನ್ ಪುಸ್ತಕಗಳು ಎಂದು ಹೆಸರು. ಅವುಗಳಲ್ಲಿ 62 ಸಂಪುಟಗಳನ್ನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಲಿಸ್ಬನ್ನಿಗೆ ಸಾಗಿಸಿದರು, ಉಳಿದವು ಗೋವೆಯಲ್ಲೇ ಇವೆ. ಹೀಗಾಗಿ ಒಂದೇ ಸರಣಿ ಎರಡು ಖಂಡಗಳಲ್ಲಿ ಹಂಚಿಹೋಗಿದೆ. ಪತ್ರ ಒಂದೆಡೆ ಸಿಕ್ಕಿ ಅದರ ಉತ್ತರ ಸಿಗದಿದ್ದರೆ ಕಳೆದುಹೋಗಿದೆ ಎಂದು ಬರೆಯುವ ಮೊದಲು ಇನ್ನೊಂದು ಊರಿನ ಪಟ್ಟಿ ನೋಡಿ. ಕೆಳದಿಯ ಮಟ್ಟಿಗೆ ಗೋವೆಯಲ್ಲಿ ಇನ್ನೂ ಎರಡು ಸರಣಿ ಮುಖ್ಯ: ನೆರೆಯ ಅರಸರಿಗೆ ಬರೆದ ಪತ್ರಗಳು, ಮತ್ತು ಶಾಂತಿ ಒಪ್ಪಂದಗಳು. 1950ರ ದಶಕದಿಂದ ಲಿಸ್ಬನ್ನಿನ ಫಿಲ್ಮೋಟೆಕಾ ಎಂಬ ಮೈಕ್ರೋಫಿಲಂ ಸಂಗ್ರಹದವರು ಗೋವೆಯ ಕಡತಗಳ ಮೈಕ್ರೋಫಿಲಂ ಮಾಡಿಸಿ ಸಾರಾಂಶಗಳನ್ನು ಪತ್ರಿಕೆಯ ರೂಪದಲ್ಲಿ ಅಚ್ಚು ಹಾಕಿದರು. ಯಾವ ಸಂಪುಟದ ಯಾವ ಹಾಳೆಯಲ್ಲಿ ಏನಿದೆ ಎಂದು ಮನೆಯಲ್ಲೇ ಕೂತು ಗುರುತುಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ತೊರ್ರೆ ದೊ ತೊಂಬೊದ ಆನ್‌ಲೈನ್ ಪಟ್ಟಿಯ ಹೆಸರು ಡಿಜಿತಾರ್ಕ್. ಹುಡುಕಲು ಹಣ ಕೊಡಬೇಕಿಲ್ಲ, ಎಷ್ಟೋ ಕಡತಗಳ ಚಿತ್ರ ಅಲ್ಲೇ ತೆರೆದುಕೊಳ್ಳುತ್ತದೆ. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹೊನ್ನಾವರ ಅಲ್ಲಿ ‘ಓನೊರ್’, ಬಸ್ರೂರು ‘ಬರ್ಸೆಲೊರ್’, ಕೆಲವೊಮ್ಮೆ ‘ಬ್ರಸೆಲೊರ್’. ಗಂಗೊಳ್ಳಿಗೆ ‘ಕಾಂಬೊಲಿಂ’, ಬಾರ್ಕೂರಿಗೆ ‘ಬಕನೊರ್’, ಗೇರುಸೊಪ್ಪೆಗೆ ‘ಗರ್ಸೊಪಾ’, ಭಟ್ಕಳಕ್ಕೆ ‘ಬಟೆಕಲಾ’, ವಿಜಯನಗರಕ್ಕೆ ‘ಬಿಸ್ನಗಾ’. ಪ್ರತಿ ಹೆಸರಿಗೆ ನಾಲ್ಕಾರು ಕಾಗುಣಿತಗಳ ಪಟ್ಟಿ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬೇಕು. ಸಿಕ್ಕಿದ ಕೂಡಲೇ ಸರಣಿ, ಕಟ್ಟು, ದಾಖಲೆ ಸಂಖ್ಯೆ ಎಲ್ಲ ಸೇರಿದ ಪೂರ್ತಿ ಉಲ್ಲೇಖ ಸಂಕೇತವನ್ನು ಬರೆದಿಟ್ಟುಕೊಳ್ಳಿ. ಪುಟದ ಕೊಂಡಿಯನ್ನು ಮಾತ್ರ ನಂಬಿದರೆ ಜಾಲತಾಣ ನವೀಕರಣವಾದ ದಿನ ಎಲ್ಲವೂ ಕೈತಪ್ಪುತ್ತದೆ. ಇಳಿಸಿಕೊಂಡ ಚಿತ್ರದ ಕಡತಕ್ಕೂ ಅದೇ ಸಂಕೇತವನ್ನೇ ಹೆಸರಾಗಿ ಕೊಡಿ.

ಓದುವ ಕೋಣೆಗೆ ಹೋಗಲೇಬೇಕಾದರೆ ಗುರುತಿನ ಚೀಟಿ, ವಿಶ್ವವಿದ್ಯಾಲಯದ್ದೋ ಸಂಶೋಧನ ಸಂಸ್ಥೆಯದ್ದೋ ಪರಿಚಯ ಪತ್ರ, ಭಾವಚಿತ್ರ, ಮತ್ತು ಯಾವ ಸರಣಿಯ ಯಾವ ಸಂಪುಟ ಬೇಕು ಎಂದು ಸ್ಪಷ್ಟವಾಗಿ ಬರೆದ ಅರ್ಜಿ ಜೊತೆಗಿರಲಿ. ‘ಕೆಳದಿ ಇತಿಹಾಸಕ್ಕೆ ಸಂಬಂಧಿಸಿದ ದಾಖಲೆಗಳು’ ಎಂದು ಅರ್ಜಿ ಬರೆದರೆ ಅದು ಮೇಜಿನಿಂದ ಮೇಜಿಗೆ ತಿರುಗುತ್ತದೆ. ಸಂಪುಟ ಸಂಖ್ಯೆ ಕೊಟ್ಟರೆ ಸಿಬ್ಬಂದಿ ನೇರವಾಗಿ ಕಪಾಟಿಗೆ ಹೋಗಬಲ್ಲರು. ಆದರೂ ಬೇಕಾದ ಸಂಪುಟ ದುರಸ್ತಿಗೆ ಹೋಗಿರಬಹುದು, ಹಾಳೆ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದೆ ಎಂದು ಕೊಡದಿರಬಹುದು. ಇದಕ್ಕೆ ಸಿಡುಕಿ ಪ್ರಯೋಜನವಿಲ್ಲ. ಕರಾವಳಿಯ ತೇವ, ಹುಳು ಮತ್ತು ಕಬ್ಬಿಣದ ಅಂಶವಿರುವ ಶಾಯಿ ಮೂರೂ ಸೇರಿದರೆ ಅಕ್ಷರವಿದ್ದ ಜಾಗದಲ್ಲಿ ತೂತು ಉಳಿಯುತ್ತದೆ. ಪರ್ಯಾಯವಾಗಿ ಓದಲು ಇನ್ನೆರಡು ಸಂಪುಟಗಳ ಸಂಖ್ಯೆಯನ್ನು ಅದೇ ಅರ್ಜಿಯಲ್ಲಿ ಬರೆದಿದ್ದರೆ ದಿನ ವ್ಯರ್ಥವಾಗುವುದಿಲ್ಲ. ಫೋಟೊ ತೆಗೆಯಲು ಮತ್ತು ಅಚ್ಚು ಹಾಕಲು ಬೇರೆ ಬೇರೆ ಅನುಮತಿ ಬೇಕು. ಎರಡನ್ನೂ ಮೊದಲೇ, ಬರಹದಲ್ಲೇ ಕೇಳಿಟ್ಟುಕೊಳ್ಳಿ.

ಹಾಳೆಗಳಿಗೆ ಪುಟ ಸಂಖ್ಯೆ ಇರುವುದಿಲ್ಲ, ಹಾಳೆ ಸಂಖ್ಯೆ ಇರುತ್ತದೆ. 23 ಎಂದರೆ ಮುಂಬದಿ, 23ರ ಹಿಂಬದಿ ಬೇರೆ. ಮರುಹೊಲಿಗೆಯಾದ ಸಂಪುಟಗಳಲ್ಲಿ ಹಳೆಯ ಶಾಯಿಯ ಸಂಖ್ಯೆಯೂ ಹೊಸ ಪೆನ್ಸಿಲ್ ಸಂಖ್ಯೆಯೂ ಒಟ್ಟಿಗೇ ಕಾಣುತ್ತವೆ. ಎರಡನ್ನೂ ಬರೆದಿಡಿ. ನಿಮಗಿಂತ ಮೊದಲಿನ ವಿದ್ವಾಂಸರು ಹಳೆಯ ಸಂಖ್ಯೆಯನ್ನೇ ಉಲ್ಲೇಖಿಸಿರುತ್ತಾರೆ.

ಇನ್ನು ಕೈಬರಹ. ಕೆಲಸ ಬಿಟ್ಟುಬಿಡಬೇಕು ಅನ್ನಿಸುವುದು ಇಲ್ಲಿಯೇ. ಪದಗಳ ನಡುವೆ ಬಿಡುವಿಲ್ಲ, ಇಡೀ ಸಾಲು ಒಂದೇ ಎಳೆಯಲ್ಲಿ ಹರಿಯುತ್ತದೆ. ಯು ಮತ್ತು ವಿ, ಐ ಮತ್ತು ಜೆ ಅದಲುಬದಲಾಗುತ್ತವೆ, ಉದ್ದನೆಯ ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ, ಪದದ ನಡುವೆ ದೊಡ್ಡ ಆರ್ ಬಂದರೆ ಅದು ದ್ವಿತ್ವ. ಸಂಕ್ಷೇಪಗಳಂತೂ ಹೆಜ್ಜೆಹೆಜ್ಜೆಗೂ. ಕ್ಯು ಅಕ್ಷರದ ಮೇಲೆ ಗೆರೆ ಎಳೆದರೆ ‘ಕೆ’ (ಎಂದು, ಎಂಬ) ಎಂಬ ಪದ ಮುಗಿಯಿತು, ಡಿ ಅಕ್ಷರದ ತಲೆಯ ಮೇಲೆ ಚಿಕ್ಕ ಸೊನ್ನೆ ಇದ್ದರೆ ‘ದಿತೊ’, ಅಂದರೆ ಮೇಲೆ ಹೇಳಿದ. ‘ತಾವು’, ‘ಮಹಾಪ್ರಭು’ ಬಗೆಯ ಗೌರವ ಪದಗಳು ಎರಡಕ್ಷರಕ್ಕೆ ಇಳಿದಿರುತ್ತವೆ. ರೂಢಿಯಾಗಬೇಕಾದರೆ ಮೊದಲು ಅಚ್ಚಾಗಿರುವ ಒಂದು ಕಾಗದದ ಮೂಲ ಚಿತ್ರವನ್ನು ತೆಗೆದುಕೊಂಡು, ಅಚ್ಚನ್ನು ಮುಚ್ಚಿಟ್ಟು ಓದಿ, ಆಮೇಲೆ ತಾಳೆ ನೋಡಿ. ಅದೇ ಗುಮಾಸ್ತನ ಕೈ ಇನ್ನೊಂದು ಪತ್ರದಲ್ಲಿ ಸಿಕ್ಕರೆ ಅದನ್ನು ಮುಂದಕ್ಕೆ ಹಿಡಿಯಿರಿ. ಕೈ ಬದಲಾದಾಗಲೆಲ್ಲ ಓದಿನ ವೇಗ ಕುಸಿಯುತ್ತದೆ, ಗಾಬರಿಯಾಗಬೇಕಿಲ್ಲ.

ಮಸುಕಾದ ಕಂದು ಶಾಯಿಯ ಚಿತ್ರವನ್ನು ಯಾವುದಾದರೂ ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಬಣ್ಣದ ಪದರಗಳನ್ನು ಬೇರ್ಪಡಿಸಿ. ನೀಲಿ ಪದರದಲ್ಲಿ ಕಂದು ಅಕ್ಷರ ಎದ್ದು ಕಾಣುತ್ತದೆ. ಹಿಂಬದಿಯ ಬರಹ ಈ ಬದಿಗೆ ಇಳಿದಿದ್ದರೆ ಹಿಂಬದಿಯ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಪಕ್ಕದಲ್ಲಿಟ್ಟುಕೊಂಡರೆ ಯಾವ ಗೆರೆ ಯಾವ ಬದಿಯದು ಎಂದು ಬಿಡಿಸಬಹುದು.

ಕೈಬರಹ ಓದುವ ಟ್ರಾನ್ಸ್‌ಕ್ರೈಬಸ್ ತಂತ್ರಾಂಶ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಲ್ಲಿ ಬಹಳ ಚೆನ್ನಾಗಿ ಓದುತ್ತದೆ. ಹೇಗ್‌ನ ರಾಷ್ಟ್ರೀಯ ಪತ್ರಾಗಾರ ಆ ಕಂಪನಿಯ ಲಕ್ಷಾಂತರ ಪುಟಗಳನ್ನು ಹಾಗೆಯೇ ಓದಿಸಿದೆ. ಪೋರ್ಚುಗೀಸಿನಲ್ಲಿ, ಅದರಲ್ಲೂ ಗೋವೆಯ ಗುಮಾಸ್ತರ ಕೈಯಲ್ಲಿ, ಅಷ್ಟು ನೆಚ್ಚಿಕೊಳ್ಳುವಂತಿಲ್ಲ. ಒಂದೇ ಕೈಯ ಬರಹ ರಾಶಿಯಿದ್ದರೆ 5,000ದಿಂದ 15,000 ಪದಗಳನ್ನು ತಾವೇ ಓದಿ ಕೊಟ್ಟು ಯಂತ್ರವನ್ನು ಪಳಗಿಸಬಹುದು. ಹತ್ತಿಪ್ಪತ್ತು ಕಾಗದಗಳಿಗೆ ಆ ಶ್ರಮ ದಂಡ. ಯಂತ್ರಾನುವಾದದ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟು. ಹರಿದ ಜಾಗದಲ್ಲಿ ಅದು ನಿಲ್ಲುವುದಿಲ್ಲ, ಸಲೀಸಾದ ವಾಕ್ಯವೊಂದನ್ನು ತಾನೇ ಹೊಲಿದು ಮುಂದೆ ಹೋಗುತ್ತದೆ. ಇತಿಹಾಸದ ಕೆಲಸದಲ್ಲಿ ಆ ಹರುಕೇ ಕಾಣಬೇಕಾದ್ದು.

ಅದಕ್ಕೇ ಮೂಲಪಾಠ ಪೂರ್ತಿಯಾಗುವ ತನಕ ಅನುವಾದ ಶುರುಮಾಡಬಾರದು. ಪಾಠದಲ್ಲಿ ಸಾಲಿಗೆ ಸಾಲು ಹೊಂದಿರಲಿ, ಬಿಡಿಸಿದ ಸಂಕ್ಷೇಪ ಓರೆ ಅಕ್ಷರದಲ್ಲಿರಲಿ, ಊಹಿಸಿ ತುಂಬಿದ್ದು ಚೌಕ ಆವರಣದಲ್ಲಿರಲಿ, ಓದಲಾಗದ ಕಡೆ ಚುಕ್ಕಿಗಳಿರಲಿ. ಇದನ್ನು ಹಳೆಯ ಕೈಬರಹ ಬಲ್ಲ ಇನ್ನೊಬ್ಬರಿಂದ ಓದಿಸಿ. ಇಡೀ ಯೋಜನೆಯಲ್ಲಿ ದೊಡ್ಡ ಖರ್ಚು ಇದೇ. ಚಿತ್ರಗಳ ಶುಲ್ಕ, ವಿದೇಶಿ ಪಾವತಿಗೆ ಬ್ಯಾಂಕು ಮುರಿದುಕೊಳ್ಳುವ ಹಣ, ಗೋವೆಯಲ್ಲಿ ತಂಗುವ ಖರ್ಚು ಎಲ್ಲ ಅದರ ಮುಂದೆ ಸಣ್ಣವು. ಅನುದಾನದ ಅರ್ಜಿಯಲ್ಲಿ ಈ ಬಾಬ್ತನ್ನೇ ಮರೆಯುವವರು ಹೆಚ್ಚು. ಆಮೇಲೆ ಸೇರಿಸಿಕೊಡುವುದಿಲ್ಲ.

ನಿಘಂಟುಗಳಲ್ಲಿ ಎರಡು ಸದಾ ಕೈಗೆಟಕುವಂತಿರಬೇಕು. ರಫಾಯೆಲ್ ಬ್ಲುತೊ ಅವರದು 1712ರಿಂದ ಹೊರಬಂದ ಪೋರ್ಚುಗೀಸ್ ಪದಕೋಶ, ಆದ್ದರಿಂದ ಈ ಕಾಗದಗಳ ಕಾಲಕ್ಕೆ ಹತ್ತಿರ. ದಲ್ಗಾದೊ ಅವರ 1919–21ರ ಎರಡು ಸಂಪುಟಗಳು ಪೋರ್ಚುಗೀಸಿಗೆ ಹೊಕ್ಕ ಏಷ್ಯಾದ ಪದಗಳವು. ‘ಶಾತಿಂ’ ನಮ್ಮ ಶೆಟ್ಟಿ, ‘ಓಲಾ’ ನಮ್ಮ ಓಲೆ, ‘ಸಿನಾಯ್’ ಶೆಣೈ, ‘ನಾಯ್ಕೆ’ ನಾಯಕ ಎಂದು ಕನ್ನಡಿಗನಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಲಿಸ್ಬನ್ನಿನ ವಿದ್ವಾಂಸರಿಗಿಂತ ನಾವು ಒಂದು ಹೆಜ್ಜೆ ಮುಂದಿರುವುದು ಇಲ್ಲಿ. ಆದರೆ ಅದೇ ಕಿವಿ ಮೋಸವನ್ನೂ ಮಾಡುತ್ತದೆ. ನೂನಿಜ್ ಹೇಳುವ ‘ರಾಶೊಲ್’ ರಾಯಚೂರು. ಗೋವೆಯ ಸಾಷ್ಟಿಯಲ್ಲಿಯೂ ಅದೇ ಹೆಸರಿನ ಕೋಟೆಯೊಂದಿದೆ, ಗೋವೆಯ ಕಾಗದದಲ್ಲಿ ಆ ಹೆಸರು ಬಂದರೆ ಸಾಮಾನ್ಯವಾಗಿ ಅದು ಈ ಕೋಟೆ. ಜನರ ಹೆಸರೂ ಹಾಗೆಯೇ. ‘ವೆಂಟಪಾ ನಾಯ್ಕೆ’ ಕೆಳದಿಯ ಅರಸ, ಇಕ್ಕೇರಿಯ ವೆಂಕಟಪ್ಪ ನಾಯಕನೇ ಹೌದೇ ಎಂಬುದನ್ನು ತಾರೀಖು ನೋಡಿ ಖಚಿತಪಡಿಸಿಕೊಳ್ಳಬೇಕು. ‘ಇದಲ್ಕಾಂವ್’ ಒಬ್ಬ ವ್ಯಕ್ತಿಯ ಹೆಸರಲ್ಲ, ಬಿಜಾಪುರದ ಯಾವ ಆದಿಲ್ ಶಾಹನಿಗಾದರೂ ಅದೇ.

ತಾರೀಖುಗಳಲ್ಲಿ ಎಡವುವ ಜಾಗ ಮೂರು.

ಗುಮಾಸ್ತರು ತಿಂಗಳನ್ನು ಅಂಕಿಯಲ್ಲಿ ಮೊಟಕುಮಾಡುತ್ತಾರೆ. 7ಬ್ರೊ ಎಂದರೆ ಸೆಪ್ಟೆಂಬರ್, 8ಬ್ರೊ ಅಕ್ಟೋಬರ್, 9ಬ್ರೊ ನವೆಂಬರ್, 10ಬ್ರೊ ಡಿಸೆಂಬರ್. 8 ಕಂಡ ಕೂಡಲೇ ಆಗಸ್ಟ್ ಎಂದು ಬರೆದರೆ ಮಳೆಗಾಲದ ನಡುವೆ ಹಡಗು ಮಂಗಳೂರಿಗೆ ಬಂದಂತಾಗುತ್ತದೆ.

ಎರಡನೆಯದು ಪಂಚಾಂಗ. ಪೋರ್ಚುಗಲ್ 1582ರಲ್ಲಿ ಹೊಸ ಗ್ರೆಗೋರಿಯನ್ ಲೆಕ್ಕಕ್ಕೆ ಬಂತು, ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಆದರೆ ನಮ್ಮ ಶಾಸನ ಸಂಪುಟಗಳಲ್ಲಿ ಶಕವರ್ಷ, ತಿಥಿಗಳಿಗೆ ಕೊಡುವ ಇಂಗ್ಲಿಷ್ ತಾರೀಖು ರೂಢಿಯಂತೆ 1752ರವರೆಗೂ ಹಳೆಯ ಜೂಲಿಯನ್ ಲೆಕ್ಕದ್ದು. 17ನೆಯ ಶತಮಾನದಲ್ಲಿ ಎರಡರ ನಡುವೆ 10 ದಿನದ ಅಂತರ. ಪೋರ್ಚುಗೀಸ್ ಪತ್ರದ ನವೆಂಬರ್ 20 ಶಾಸನ ಸಂಪುಟದ ನವೆಂಬರ್ 10. ಇದನ್ನು ಸರಿಪಡಿಸದೆ ಹೋಲಿಸಿದರೆ ಒಂದೇ ಘಟನೆ ಎರಡಾಗಿ ಕಾಣುತ್ತದೆ. ಇಂಗ್ಲಿಷರ ಕಾಗದವೂ ಸೇರಿದರೆ ಇನ್ನೊಂದು ತೊಡಕು: 1752ಕ್ಕೆ ಮೊದಲು ಅವರ ವರ್ಷ ಮಾರ್ಚ್ 25ಕ್ಕೆ ಶುರು.

ಮೂರನೆಯದು ಹಡಗಿನ ಕಾಲ. ಲಿಸ್ಬನ್ನಿನಿಂದ ಮಾರ್ಚ್–ಏಪ್ರಿಲ್‌ನಲ್ಲಿ ಹೊರಟ ಹಡಗು ಸೆಪ್ಟೆಂಬರ್ ಹೊತ್ತಿಗೆ ಗೋವೆ ಮುಟ್ಟುತ್ತದೆ, ಮರಳುವ ಹಡಗು ವರ್ಷದ ಕೊನೆಗೋ ಜನವರಿಗೋ ಹೊರಡುತ್ತದೆ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಎರಡು ವರ್ಷದ ಹತ್ತಿರ. ಹಾಗಾಗಿ ಕೋಟೆಗೆ ಸೈನ್ಯ ಕಳಿಸಿ ಎಂದು ರಾಜನ ಆಜ್ಞೆ ಸಹಿಯಾಗುವ ದಿನ ಆ ಕೋಟೆ ಆಗಲೇ ಕೈಬಿಟ್ಟಿರಬಹುದು. ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರೊಳಗೆ ಕೆನರಾದ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಹಿಡಿದ ಕಾಲದ ಪತ್ರಗಳನ್ನು ಓದುವಾಗ ಇದನ್ನು ಮರೆಯುವಂತಿಲ್ಲ. ಅನುವಾದದಲ್ಲಿ ಪ್ರತಿ ಪತ್ರದ ತಲೆಯಲ್ಲಿ ಬರೆದ ತಾರೀಖಿನ ಜೊತೆಗೆ ಗೋವೆ ಮುಟ್ಟಿದ ತಾರೀಖನ್ನೂ, ಹಿಂಬದಿಯ ಟಿಪ್ಪಣಿಯಲ್ಲಿ ಸಿಕ್ಕರೆ, ಕೊಡಿ.

ಬರೆದವನೇ ವರ್ಷ ತಪ್ಪುವುದೂ ಉಂಟು. ರಾಯಚೂರು ಕದನ 1522ರಲ್ಲಿ ನಡೆಯಿತೆಂದು ನೂನಿಜ್ ಬರೆದಿದ್ದಾನೆ. ಅಮಾವಾಸ್ಯೆ, ವಾರ ಮತ್ತು ಆಗಿನ ಗವರ್ನರ್ ಯಾರು ಎಂಬುದನ್ನು ಕೂಡಿಸಿ ನೋಡಿ ಸೀವೆಲ್ ಅದನ್ನು 1520ರ ಮೇ 19, ಶನಿವಾರ ಎಂದು ತಿದ್ದಿದರು. ತಿದ್ದುಪಡಿ ಒಪ್ಪಿಗೆಯಾದರೂ ಅನುವಾದದ ಮೈಯಲ್ಲಿ 1522 ಎಂದೇ ಇರಬೇಕು, 1520 ಅಡಿಟಿಪ್ಪಣಿಗೆ ಹೋಗಬೇಕು.

ಅಳತೆ, ನಾಣ್ಯಗಳನ್ನು ಕಿಲೊ–ರೂಪಾಯಿಗೆ ಇಳಿಸುವ ಆಸೆ ಬಿಡಿ. ಲೆಕ್ಕದ ಕಟ್ಟು ಗೊತ್ತಿದ್ದರೆ ಸಾಕು: ಒಂದು ಷೆರಾಫಿಂ ಎಂದರೆ 5 ತಾಂಗಾ, ಒಂದು ತಾಂಗಾ 60 ರೆಯಿಸ್, ಒಟ್ಟು 300 ರೆಯಿಸ್. ಚಿನ್ನದ ಪರ್ದಾವ್ 360 ರೆಯಿಸ್. ಒಂದು ಕ್ವಿಂತಾಲ್ ಎಂದರೆ 128 ಆರ್ರಾತೆಲ್, ಈಗಿನ ಸುಮಾರು 59 ಕಿಲೊ. ನಮ್ಮ ಕ್ವಿಂಟಾಲ್ ಎಂದುಕೊಂಡು 100 ಕಿಲೊ ಹಾಕಿದರೆ ಮೆಣಸಿನ ವ್ಯಾಪಾರ ಒಂದೂ ಮುಕ್ಕಾಲು ಪಟ್ಟು ಹಿಗ್ಗುತ್ತದೆ. ಕೋಟೆಯ ಗೋಡೆಯ ಅಳತೆ ಪಾಲ್ಮೊದಲ್ಲಿದ್ದರೆ ಒಂದಕ್ಕೆ ಸುಮಾರು 22 ಸೆಂಟಿಮೀಟರ್, ಬ್ರಾಸಾ ಅದರ ಹತ್ತರಷ್ಟು. 1635ರಲ್ಲಿ ಗೋವೆಯ ಪೋರ್ಚುಗೀಸ್ ಇತಿಹಾಸಕಾರ ಬೊಕಾರ್ರೊ ಕೋಟೆಗಳ ವಿವರ ಬರೆದಾಗ ಬಳಸಿದ್ದು ಇಂಥವನ್ನೇ. ಅಕ್ಕಿಯ ‘ಫಾರ್ದೊ’, ಮೆಣಸಿನ ‘ಖಂಡಿ’ ಬಂದರಿನಿಂದ ಬಂದರಿಗೆ ಬದಲಾಗುತ್ತವೆ. ಅದೇ ಕಾಗದದಲ್ಲಿ ಸಮೀಕರಣ ಕೊಟ್ಟಿಲ್ಲವಾದರೆ ಮೂಲದ ಹೆಸರನ್ನೇ ಉಳಿಸಿ. ಸಂಖ್ಯೆಯ ನಡುವೆ ಡಾಲರ್ ಚಿಹ್ನೆಯಂಥ ಗುರುತು ಕಂಡರೆ ಅದು ಸಾವಿರದ ಗುರುತು, ಹಣದ್ದಲ್ಲ.

ಎಲ್ಲಕ್ಕಿಂತ ಹೆಚ್ಚು ಚರ್ಚೆ ಎಬ್ಬಿಸಿದ್ದು ಕೆಳದಿ ಅರಸರ ರಾಜಧಾನಿಗಳಾದ ಇಕ್ಕೇರಿ, ಬಿದನೂರುಗಳಿಂದ ಗೋವೆಗೆ ಹೋದ ಪತ್ರಗಳು. ಪತ್ರಾಗಾರದಲ್ಲಿ ನಮಗೆ ಸಿಕ್ಕಿದ್ದು ಅವುಗಳ ಪೋರ್ಚುಗೀಸ್ ಅನುವಾದ. ಗೋವೆ ಸರ್ಕಾರದ ದುಭಾಷಿಗಳು, ಬಹುಪಾಲು ಸಾರಸ್ವತ ಬ್ರಾಹ್ಮಣರು, ಮಾಡಿಕೊಟ್ಟದ್ದು. ಅದನ್ನು ಮತ್ತೆ ಕನ್ನಡಕ್ಕೆ ತರುವಾಗ ‘ಶ್ರೀಮತ್ ಕೆಳದಿ’ ಎಂದು ಶುರುಮಾಡಿ ಕಡತದ ಹಳೆಯ ಕನ್ನಡದ ಗತ್ತಿನಲ್ಲಿ ಬರೆಯುವ ಆಸೆ ಸಹಜ. ಕೂಡದು. ಓದುಗರು ಅದನ್ನೇ ಆಸ್ಥಾನದ ಮೂಲ ಪತ್ರವೆಂದು ಉದ್ಧರಿಸತೊಡಗುತ್ತಾರೆ. ಸರಳ ಗದ್ಯದಲ್ಲಿ ಬರೆದು, ತಲೆಯಲ್ಲಿ ‘ಪೋರ್ಚುಗೀಸ್ ಅನುವಾದದಿಂದ’ ಎಂದು ಹಾಕಿ. ಗೋವೆಯ ಗುಮಾಸ್ತ ನಮ್ಮವರನ್ನು ಕಳ್ಳರೆಂದೋ ನಂಬಿಗಸ್ತರಲ್ಲವೆಂದೋ ಬೈದಿದ್ದರೆ ಅದೂ ಹಾಗೆಯೇ ಬರಲಿ. ಮೃದುಮಾಡಿದರೆ ಬರೆದವನ ಮನಸ್ಸೇ ಮರೆಯಾಗುತ್ತದೆ. ಪ್ರತಿವಾದವೇನಿದ್ದರೂ ಟಿಪ್ಪಣಿಯಲ್ಲಿ.

ತಾಳೆ ನೋಡಲು ಸಾಕಷ್ಟು ಆಧಾರಗಳಿವೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳು ಆ ಸಂಧಾನದ ಹೊರಗಣ್ಣು. ಡಚ್ಚರ ವೆಂಗುರ್ಲಾ ಕೋಠಿ ಇದೇ ಕರಾವಳಿಯನ್ನು ಎದುರಾಳಿಯ ಕಣ್ಣಿನಿಂದ ನೋಡುತ್ತಿತ್ತು. ನಮ್ಮ ಕಡೆಯಿಂದ ಕನ್ನಡ ಕಾವ್ಯ ‘ಕೆಳದಿನೃಪವಿಜಯ’, ಸಂಸ್ಕೃತದ ‘ಶಿವತತ್ತ್ವರತ್ನಾಕರ’, ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಜಿಲ್ಲೆಯ ಸಂಪುಟಗಳು. ಹೊಂದದೆ ಇದ್ದರೆ ಹೊಂದುವುದಿಲ್ಲ ಎಂದು ಬರೆಯಿರಿ. ಕನ್ನಡ ಕಾವ್ಯ ಗೆಲುವೆನ್ನುವ ಕಡೆ ಪೋರ್ಚುಗೀಸ್ ಪತ್ರ ಒಪ್ಪಂದ ಎನ್ನಬಹುದು. ಎರಡನ್ನೂ ಎಳೆದು ಒಂದು ಮಾಡುವುದು ಅನುವಾದಕರ ಕೆಲಸವಲ್ಲ.

ಅಚ್ಚಿನ ಹಂತದಲ್ಲಿ ಹಕ್ಕಿನ ಪ್ರಶ್ನೆ ಬರುತ್ತದೆ. 17ನೆಯ ಶತಮಾನದ ಪಠ್ಯಕ್ಕೆ ಹಕ್ಕುದಾರರಿಲ್ಲ, ಆದರೆ ಪತ್ರಾಗಾರದ ಚಿತ್ರವನ್ನು ಪುಸ್ತಕದಲ್ಲಿ ಹಾಕಲು ಅವರ ಷರತ್ತು ಅನ್ವಯಿಸುತ್ತದೆ. ಆಧುನಿಕ ಸಂಪಾದಕರ ಪೀಠಿಕೆ, ಟಿಪ್ಪಣಿ, ಅನುವಾದಗಳಿಗೆ ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಪೋರ್ಚುಗಲ್‌ನಲ್ಲಿ 70 ವರ್ಷ ಹಕ್ಕಿರುತ್ತದೆ. ಎಡಪುಟದಲ್ಲಿ ಪೋರ್ಚುಗೀಸ್ ಪಾಠ, ಬಲಪುಟದಲ್ಲಿ ಕನ್ನಡ ಇರಲಿ ಎಂದರೆ ಪ್ರಕಾಶಕರು ಪುಟ ಹೆಚ್ಚಾಗುತ್ತದೆಂದು ಹಿಂಜರಿಯುತ್ತಾರೆ. ಅಲ್ಲಿ ಬಗ್ಗಬೇಡಿ. ಕೊನೆಗೂ ಆಗದಿದ್ದರೆ ಪಾಠವನ್ನಾದರೂ ಎಲ್ಲರೂ ಇಳಿಸಿಕೊಳ್ಳುವಂತೆ ಬೇರೆ ಕಡತವಾಗಿ ಇಡಿ. ಕರಡಿನಲ್ಲಿ ಚೌಕ ಆವರಣ ಮತ್ತು ಚುಕ್ಕಿಗಳನ್ನು ಅಕ್ಷರ ಜೋಡಿಸುವವರು ‘ಶುದ್ಧ’ಮಾಡಿಬಿಡುತ್ತಾರೆ, ಪ್ರತಿ ಕರಡಿನಲ್ಲೂ ಅವನ್ನು ಎಣಿಸಿ ನೋಡಬೇಕು. ಪದಸೂಚಿಯಲ್ಲಿ ಬಸ್ರೂರಿನ ಎದುರು ‘ಬರ್ಸೆಲೊರ್’, ‘ಬ್ರಸೆಲೊರ್’ ಎರಡನ್ನೂ ರೋಮನ್ ಕಾಗುಣಿತದ ಸಮೇತ ಕೊಡಿ, ಮುಂದೆ ಡಿಜಿತಾರ್ಕ್‌ನಲ್ಲಿ ಹುಡುಕುವವರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ.